ಮಡಿಲಿಗೆ ಬಂದ ಹುಂಜ

ದುಗ್ಗಪ್ಪನ ಕೆಂಪು ಹುಂಜ ಎರಡು ಕೋಳಿ ಅಂಕಗಳಲ್ಲಿ ಕಾದಿ ಗೆದ್ದಿತ್ತು. ಮೂರನೆಯದಕ್ಕೆಂದು ಅದನ್ನು ಒಂದು ತಿಂಗಳಿಂದ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಕಾಲಿಗೆ ಹಗ್ಗ ಹಾಕಿ ಒಂಟಿಯಾಗಿ ಕಟ್ಟಿದ್ದ. ಹೇಂಟೆಯ ಮುಖ, ಮನುಷ್ಯರ ಮುಖ ಕಾಣದಿದ್ದರೆ ಹುಂಜಕ್ಕೆ ಸಿಟ್ಟು ಏರುತ್ತದೆ. ಅಂಕ ಗೆಲ್ಲುವುದು ಆ ಸಿಟ್ಟು.

ಅದೇ ತಿಂಗಳು ಎರಡನೇ ಕ್ಲಾಸಿನ ಮಗಳು ಅಪ್ಪಿ ಮಂಡೆಕೋಲಿನ ಶಾಲೆಯಿಂದ ಒಂದು ಚಿತ್ರದ ಪುಸ್ತಕ ತಂದಳು. ವಾಸಂತಿ ಟೀಚರ್ ಓದಲು ಕೊಟ್ಟದ್ದು. ಅದರಲ್ಲಿ ಹಂದಿ, ಕರು, ಕೋಳಿ ಎಲ್ಲಕ್ಕೂ ಹೆಸರಿತ್ತು. ಯಾರೂ ಯಾವುದನ್ನೂ ಕೊಯ್ಯುತ್ತಿರಲಿಲ್ಲ. ಕೊನೆಯ ಪುಟದಲ್ಲಿ ಒಬ್ಬ ಹುಡುಗಿಯ ಮಡಿಲಲ್ಲಿ ಹುಂಜ ನಿದ್ದೆ ಹೋಗಿತ್ತು.

"ಅಪ್ಪ, ನಮ್ಮದಕ್ಕೆ ಮುತ್ತು ಅಂತ ಹೆಸರಿಟ್ಟಿದ್ದೇನೆ. ಅಂಕಕ್ಕೆ ಕೊಂಡೋಗ್ಬೇಡಿ."

"ಹೆಸರು ಮಾತ್ರ ಸಾಕಾ? ಶಾಲೆಗೂ ಸೇರಿಸು ಅದನ್ನು!" ದುಗ್ಗಪ್ಪ ನಕ್ಕ.

"ಅದು ಸತ್ರೆ ನಾನಿನ್ನು ಕೋಳಿ ತಿನ್ನುದೇ ಇಲ್ಲ."

"ಆಯ್ತು ಮಾರಾಯ್ತಿ, ನಿನ್ನ ಪಾಲೂ ನಂಗೇ ಇರ್ಲಿ."

ಆದಿತ್ಯವಾರ ಮಧ್ಯಾಹ್ನ, ಕೊಯ್ಲು ಮುಗಿದ ಗದ್ದೆಯಲ್ಲಿ ಜನ ಸುತ್ತುಗಟ್ಟಿದ್ದರು. ಬೇಡವೆಂದರೂ ಅಪ್ಪಿ ಹಿಂದೆಯೇ ಬಂದು, ಪುಸ್ತಕ ಹಿಡಿದು ಎದುರು ಸಾಲಿನಲ್ಲಿ ಕೂತಳು. ದುಗ್ಗಪ್ಪ ಹುಂಜದ ಕಾಲಿಗೆ ಬಾಳು ಕಟ್ಟಿದ. ಗೇಣುದ್ದದ ನೂಲು, ಬೆರಳುದ್ದದ ಕತ್ತಿ. ಎದುರಿಗೆ ತ್ಯಾಂಪಣ್ಣನ ಬಿಳಿ ಹುಂಜ. ಸೋತದ್ದು, ಓಡಿದ್ದು, ಎರಡೂ ಗೆದ್ದವನ ಪಾಲು; ಅದೇ ದಿನ ಸಾರು.

ಬಿಟ್ಟದ್ದೇ ಬಿಳಿ ಹುಂಜ ಹಾರಿತು. ಕೆಂಪಿನ ರೆಕ್ಕೆ ಸೀಳಿ ನೆತ್ತರು ಚಿಮ್ಮಿತು. ಕೆಂಪು ಹಾರಲಿಲ್ಲ. ಎರಡನೇ ಏಟಿಗೆ ಎದೆ ಬಿಚ್ಚಿತು.

"ಹೊಡಿ, ಹೊಡಿ! ದುಗ್ಗಪ್ಪಣ್ಣ, ನಿಮ್ಮದು ಮೊಟ್ಟೆ ಇಡ್ತದಾ ಎಂತ?" ಗುಂಪಿನಿಂದ ಯಾರೋ ಕೂಗಿದ.

ಕೆಂಪು ಹುಂಜ ತಿರುಗಿ ಓಡಿ ಅಪ್ಪಿಯ ಮಡಿಲು ಹತ್ತಿ ಕೂತಿತು, ದಿನಾ ಕೂರುವ ಜಾಗದಲ್ಲಿ ಕೂತ ಹಾಗೆ. ದುಗ್ಗಪ್ಪನಿಗೆ ಆಗ ತಿಳಿಯಿತು. ತಾನು ಕೆಲಸಕ್ಕೆ ಹೋದಾಗಲೆಲ್ಲ ಇವಳು ಹಗ್ಗ ಬಿಚ್ಚಿ, ಆ ಪುಟದಲ್ಲಿದ್ದ ಹಾಗೆಯೇ ಅದನ್ನು ಮಡಿಲಲ್ಲಿ ಮಲಗಿಸಿದ್ದಾಳೆ. ಸಿಟ್ಟೆಲ್ಲ ಇಳಿದುಹೋದ ಹುಂಜವನ್ನು ಅವನು ಕತ್ತಿಯ ಎದುರು ಬಿಟ್ಟಿದ್ದ.

ಬಿಳಿ ಹುಂಜ ಬೆನ್ನಟ್ಟಿ ಹಾರಿತು. ಬಾಳು ಮಗುವಿನ ಕಣ್ಣಿನ ಎತ್ತರಕ್ಕೆ ಬಂತು. ದುಗ್ಗಪ್ಪ ನೆಗೆದು ಬರಿಗೈಯಲ್ಲಿ ಹಿಡಿದ. ಅಂಗೈ ಮೂಳೆಯವರೆಗೆ ಸೀಳಿತು. ನೋವೋ ಹೆದರಿಕೆಯೋ, ಅವನಿಗೆ ಹುಚ್ಚೇ ಹಿಡಿಯಿತು. ಬಿಳಿ ಹುಂಜವನ್ನು ನೆಲಕ್ಕೆ ಅಪ್ಪಳಿಸಿದ, ಮತ್ತೊಮ್ಮೆ ಅಪ್ಪಳಿಸಿದ, ಕುತ್ತಿಗೆ ತಿರುಚಿದ. ಕಾಲು ಒದೆಯುವುದು ನಿಂತ ಮೇಲೂ ತಿರುಚುತ್ತಲೇ ಇದ್ದ.

ತ್ಯಾಂಪಣ್ಣನ ಮುಷ್ಟಿ ಅವನ ಬಾಯಿಗೆ ಬಿತ್ತು. ಹಲ್ಲೊಂದು ಕಳಚಿತು. ಇನ್ನೊಂದು ಗುದ್ದು ಪಕ್ಕೆಗೆ. ಬಿಡಿಸಲು ಯಾರೂ ಬರಲಿಲ್ಲ. ದುಗ್ಗಪ್ಪನೂ ಕೈ ಎತ್ತಲಿಲ್ಲ.

ಅಪ್ಪಿಯ ಲಂಗ ನೆತ್ತರಲ್ಲಿ ನೆನೆದಿತ್ತು. ಮುತ್ತು ಇನ್ನೂ ಉಸಿರಾಡುತ್ತಿತ್ತು. ಆದರೆ ಅವಳು ನೋಡುತ್ತಿದ್ದದ್ದು ಬಿಳಿಯದನ್ನು.

"ಅಪ್ಪ, ಅದರ ಹೆಸರೆಂತ?"

ದುಗ್ಗಪ್ಪ ಬಾಯಿಯ ನೆತ್ತರು ಉಗುಳಿದ. "ಹೇಳಿ ತ್ಯಾಂಪಣ್ಣ, ಮಗು ಕೇಳ್ತಾ ಉಂಟು."

ತ್ಯಾಂಪಣ್ಣನ ಎತ್ತಿದ ಕೈ ಅಲ್ಲೇ ನಿಂತಿತು.

"ಹೆಸರು ಎಂತದ್ದು..." ಎಂದ. ಆಮೇಲೆ, "ಮೊಮ್ಮಗ ಬೆಳ್ಳಿ ಅಂತ ಕರೀತಾನೆ."

ಅವನು ಬಾಗಿ, ಸತ್ತ ಬಿಳಿ ಹುಂಜವನ್ನು ಎತ್ತಿಕೊಂಡ. ಅಂಕದ ರೀತಿ ಪ್ರಕಾರ ಓಡಿದ ಕೆಂಪು ಹುಂಜವೂ ಅವನದೇ. ಅವನು ಅದನ್ನು ಕೇಳಲಿಲ್ಲ.