ಸೇತುವೆಯ ಏರು

ಗಂಡನಿಗೆ ಕಣ್ಣಿನ ಆಪರೇಷನ್ ಆಗಿ ಸ್ಕೂಟರ್ ಮೂಲೆ ಸೇರಿದ ಮೇಲೆ, ನಲವತ್ತರ ಗಡಿ ದಾಟಿದ ನಲಿನಿ ಸೈಕಲ್ ಕಲಿತಳು. ತಾರ್ನಾಕಾದ ಪಾರ್ಕಿನಲ್ಲಿ ಗಂಡ ಮಲ್ಲಿಕಾರ್ಜುನ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದ. "ಹಿಂದ ನೋಡಬ್ಯಾಡ, ಬೀಳ್ತಿ. ನಾ ಅದೀನಿ." ಅವನ ಪಾಠ ಅದೊಂದೇ.

ಕಲಿತದ್ದೇನೋ ಆಯಿತು. ಆದರೆ ನಾಚಾರಂ ದಾರಿಯಲ್ಲಿ ರೈಲು ಹಳಿಗಳ ಮೇಲಿನ ಆ ಹಾಳು ಸೇತುವೆ! ಅದರ ಏರು ಕಂಡರೆ ಅವಳ ಕಾಲುಗಳು ತಾವಾಗಿಯೇ ನೆಲ ಹುಡುಕುತ್ತಿದ್ದವು. ದಿನಾ ಇಳಿಯುವುದು, ತಳ್ಳಿಕೊಂಡು ನಡೆಯುವುದು, ಬಾಟಲಿ ಮುಚ್ಚಳದ ಕಾರ್ಖಾನೆಗೆ ತಡವಾಗಿ ಮುಟ್ಟುವುದು. ನಿನ್ನೆ ರಾಯಚೂರು ಕಡೆಯ ಸೂಪರ್‌ವೈಸರ್ ಅಮರಯ್ಯ ಮುಖ ಗಂಟು ಹಾಕಿಕೊಂಡು ಹೇಳಿಬಿಟ್ಟಿದ್ದ: "ನಾಳೆನೂ ಲೇಟಾದ್ರ ಬರೋದ ಬ್ಯಾಡ್ರಿ."

ಇಂದು ಹಲ್ಲು ಕಚ್ಚಿ ಏರತೊಡಗಿದಳು. ಸ್ವಲ್ಪ ದೂರಕ್ಕೇ ತೊಡೆಗಳು ಉರಿದವು, ಹ್ಯಾಂಡಲ್ ಓಲಾಡಿತು. ಬೆನ್ನಿಗೆ ಬಸ್ಸಿನ ಹಾರ್ನು ಬೇರೆ. ಇಳಿದರೆ ಕೆಲಸ ಹೋಯಿತು ಎಂದುಕೊಳ್ಳುವಾಗ ಪಕ್ಕದಲ್ಲೊಂದು ಬೈಕ್ ಬಂತು. ನರೆತ ಗಡ್ಡದ ಮನುಷ್ಯ, ಕಾಲಲ್ಲಿ ಹವಾಯಿ ಚಪ್ಪಲಿ.

"ಡರೋ ನಕ್ಕೋ ಬೆಹನ್, ಮೈ ಹೂಂ!" ಹೆದರಬೇಡ, ನಾನಿದ್ದೇನೆ ಎಂದ.

ಈ ಊರಿನ ಹಳೆಯ ರೂಢಿ ಅದು. ದಾರಿಯಲ್ಲಿ ಯಾರ ಗಾಡಿ ಸೋತರೂ, ಗುರುತು ಪರಿಚಯವಿಲ್ಲದ ಬೈಕಿನವನೊಬ್ಬ ಕಾಲು ಚಾಚಿ ಹಿಂದಿನಿಂದ ನೂಕಿಕೊಂಡು ಹೋಗುತ್ತಾನೆ.

ಕ್ಯಾರಿಯರಿಗೆ ಕಾಲು ತಾಗಿತು, ಸೈಕಲ್ ಹಗುರಾಯಿತು. ನಲಿನಿ ಹಿಂದೆ ನೋಡಲಿಲ್ಲ. ಪುಣ್ಯಾತ್ಮ ಇದ್ದಾನಲ್ಲ ಎಂದು ತುಳಿದಳು. ಅಷ್ಟರಲ್ಲೇ ಮತ್ತೆ ಭಾರವೆನಿಸಿತು. ಪಾಪ, ಅವನ ಕಾಲೂ ಸೋತಿರಬೇಕೆಂದು ಇನ್ನಷ್ಟು ಜೋರಾಗಿ ತುಳಿದಳು.

ಸೇತುವೆಯ ನೆತ್ತಿ ಬಂದಾಗ ಕಾಲೂರಿ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಬೈಕಿನವನು ಬಂದ, ಬರುತ್ತಲೇ ಕೈ ಮುಗಿದ. "ಮಾಫ್ ಕರೋ ಬೆಹನ್! ಚಪ್ಪಲ್ ಗಿರ್ ಗಯಾ ಥಾ." ಕಾಲು ಚಾಚಿದ ಕೂಡಲೇ ಚಪ್ಪಲಿ ಜಾರಿ ಬಿದ್ದಿತ್ತು, ಹೆಕ್ಕಿಕೊಳ್ಳಲು ಅಲ್ಲೇ ನಿಂತುಬಿಟ್ಟಿದ್ದನಂತೆ. ಅವನು ಏರನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಅಕೇಲೇ ಚಢ್ ಗಯೇ?" ಒಬ್ಬಳೇ ಹತ್ತಿಬಿಟ್ಟಳಲ್ಲ ಎಂಬ ಬೆರಗು ಅವನಿಗೆ.

ನಲಿನಿ ಬಂದ ದಾರಿಯತ್ತ ನೋಡಿದಳು. ಕೆಳಗಿನ ಏರಿನಲ್ಲಿ ಬಸ್ಸುಗಳೇ ಏದುಸಿರು ಬಿಡುತ್ತಿದ್ದವು. ಹಳಿಗಳು ಬಿಸಿಲಿಗೆ ಥಳಥಳಿಸುತ್ತಿದ್ದವು, ಆಚೆ ಕಾರ್ಖಾನೆಗಳ ಚಿಮಣಿಗಳು, ಮೇಲೆ ಎಷ್ಟೊಂದು ಆಕಾಶ. ಇದೆಲ್ಲ ದಿನಾ ಇಲ್ಲೇ ಇತ್ತೇ? ತಲೆ ತಗ್ಗಿಸಿ ತಳ್ಳುವವಳಿಗೆ ಕಂಡೇ ಇರಲಿಲ್ಲ. ಇನ್ನೂ ನಡುಗುತ್ತಿದ್ದ ತನ್ನ ಕಾಲುಗಳನ್ನು ಗರ್ಭಗುಡಿಯ ಮುಂದೆ ನಿಂತವಳಂತೆ ನೋಡಿದಳು.

ಗೇಟಿನಲ್ಲಿ ಅಮರಯ್ಯ ಗಡಿಯಾರ ನೋಡಿದ, ಹುಬ್ಬೇರಿಸಿದ. "ಇವತ್ತ ಯಾರು ತಂದು ಬಿಟ್ರು?"

"ಯಾರೂ ಇಲ್ರಿ," ಎಂದಳು ನಲಿನಿ. ಹೇಳುವಾಗ ಕಣ್ಣು ತುಂಬಿ ಬಂತು. "ಹಿಂದ ಯಾರೂ ಇರ್ಲಿಲ್ರಿ."