ಎಬ್ಬಿಸುವ ಕೆಲಸ

ಜನರ ನಿದ್ದೆ ಕೆಡಿಸೋದಕ್ಕೆ ಸಂಬಳ ತಗೊಳ್ಳೋಳು ನಾನು. ವಿಮಾ ಏಜೆಂಟರು ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ಅವಧಿ ಮುಗಿಯೋದರೊಳಗೆ ಇಂತಿಷ್ಟು ಗಂಟೆ ಅಂತ ತರಗತಿಯಲ್ಲಿ ಕೂತಿರಬೇಕು. ಬರೀ ಕೂತರೆ ಸಾಲದು, ಎಚ್ಚರವಾಗಿರಬೇಕು. ನಿದ್ದೆ ಮಾಡಿದ್ದು ತಪಾಸಣೆಯವರ ಕಣ್ಣಿಗೆ ಬಿತ್ತೋ, ಆ ದಿನದ ಹಾಜರಿ ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ಮೇಷ್ಟ್ರು ಪಾಠ ಮಾಡ್ತಿದ್ದರೆ ನಾನು ಸಾಲುಗಳ ಮಧ್ಯೆ ಓಡಾಡ್ತಾ ತೂಕಡಿಸೋರ ಮೇಜಿನ ಮೇಲೆ ಸ್ಟೀಲ್ ಸ್ಕೇಲಿನಿಂದ ಟಕ್ ಅಂತ ಬಡೀತೀನಿ. ನಾನು ಮಾಡೋದು ಉಪಕಾರವೇ, ಆದರೆ ಹೊಟ್ಟೆ ತುಂಬ ಉಂಡು ಬಂದೋರಿಗೆ ಅದೆಲ್ಲಿ ಅರ್ಥವಾಗಬೇಕು. ಅಲಾರಂ ಅಕ್ಕ ಅಂತ ಅಡ್ಡಹೆಸರು ಇಟ್ಟಿದ್ದಾರೆ. ಕರೀಲಿ ಬಿಡಿ, ನನ್ನ ಗಂಟೇನು ಹೋಗಬೇಕು.

ನಮ್ಮ ಭಾವನೂ ಏಜೆಂಟರೇ. ನಾನು ಎರಡು ಜಡೆ ಹಾಕಿಕೊಳ್ತಿದ್ದ ಕಾಲದಿಂದ ನನ್ನನ್ನ ನಾದಿನಿ ದೇವಿ ಅಂತ ರೇಗಿಸಿಕೊಂಡು ಬಂದ ಮನುಷ್ಯ. ಅಕ್ಕ, ಭಾವ, ನಾನು ಒಂದೇ ಮನೆಯಲ್ಲಿ ಇರೋದು. ಅಕ್ಕನ ಹೃದಯದ ಕವಾಟ ಕೆಟ್ಟಿದೆ. ಮಲಗಿದರೆ ಉಸಿರು ಕಟ್ಟುತ್ತೆ, ಕೂತೇ ನಿದ್ದೆ ಮಾಡಬೇಕು. ದಿಂಬು ಪೇರಿಸಿ ನೋಡಿದ್ದಾಯ್ತು, ನಿದ್ದೆ ಮಧ್ಯೆ ಜಾರಿಹೋಗುತ್ತವೆ. ನಾನು ಬೆನ್ನು ಕೊಟ್ಟು ಕೂತರೆ "ನಿಂದು ಬೆನ್ನಾ, ಏಣಿಯಾ? ಮೂಳೆ ಚುಚ್ಚುತ್ತೆ ಕಣೇ, ಎದ್ದೇಳು" ಅಂತಾಳೆ. ಹಾಗಾಗಿ ರಾತ್ರಿಯೆಲ್ಲ ಭಾವನೇ ಮಂಚದ ಮೇಲೆ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂರ್ತಾರೆ. ಅವಳು ಒರಗಿಕೊಂಡು ನಿದ್ದೆ ಮಾಡ್ತಾಳೆ. ಇವರು ತೂಕಡಿಸಿದರೆ ಅವಳು ವಾಲ್ತಾಳೆ, ಅದಕ್ಕೆ ಇವರು ತೂಕಡಿಸೋ ಹಾಗಿಲ್ಲ. ಎಷ್ಟೋ ತಿಂಗಳಿಂದ ಹೀಗೇ ನಡೀತಿದೆ.

ಆಪರೇಷನ್ನಿಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದರು. ಖರ್ಚೆಲ್ಲ ಏಜೆಂಟರ ಕುಟುಂಬಕ್ಕೆ ಅಂತ ಕಂಪನಿ ಮಾಡಿಸಿರೋ ಗುಂಪು ವಿಮೆಯದ್ದು. ಲೈಸೆನ್ಸ್ ಇರೋ ತನಕ ಆ ವಿಮೆ. ಲೈಸೆನ್ಸ್ ತಪ್ಪಿತೋ, ಅದೂ ತಪ್ಪಿತು. ಮತ್ತೆ ಹೊಸದಾಗಿ ಸೇರಿಕೊಂಡರೆ, ಮೊದಲೇ ಇರೋ ಕಾಯಿಲೆಗೆ ವರ್ಷಗಟ್ಟಲೆ ಒಂದು ಕಾಸೂ ಹುಟ್ಟೋದಿಲ್ಲ. ಈ ಮಾತನ್ನ ಭಾವ ತಮ್ಮ ಗಿರಾಕಿಗಳಿಗೆ ಜೀವಮಾನವೆಲ್ಲ ಬಾಯಿ ನೋಯೋ ಹಾಗೆ ಹೇಳಿದ್ದಾರೆ.

ಲೈಸೆನ್ಸಿನ ಅವಧಿ ಈ ತಿಂಗಳ ಕೊನೆಗೆ ಮುಗೀತಿತ್ತು. ಆಸ್ಪತ್ರೆ ಓಡಾಟದಲ್ಲಿ ಪ್ರತಿ ಸಲ ಮುಂದಕ್ಕೆ ಹಾಕಿ, ಇನ್ನೊಂದೇ ಒಂದು ದಿನದ ತರಗತಿ ಬಾಕಿ ಉಳಿಸಿಕೊಂಡಿದ್ದರು. ಅದಕ್ಕೆ ಸಿಕ್ಕ ಕಟ್ಟಕಡೆಯ ದಿನ ಹೋದ ವಾರದ್ದು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. "ನನಗೂ ಸ್ಕೇಲ್ ತೋರಿಸ್ತೀಯೇನೇ?" ಅಂದರು. "ತೂಕಡಿಸಿದರೆ ಮೇಜಿಗಲ್ಲ, ನಿಮ್ಮ ಬೋಳುತಲೆಗೇ ಬಾರಿಸ್ತೀನಿ" ಅಂದೆ.

ಮಧ್ಯಾಹ್ನದ ತನಕ ಏನೂ ತೊಂದರೆಯಿಲ್ಲ. ಭಾವ ಕಣ್ಣಿಗೆ ನೀರು ಹಾಕಿಕೊಂಡು ಬಂದು ನೆಟ್ಟಗೆ ಕೂತಿದ್ದರು. ಅವರ ಹಿಂದೆ ವಾಹನ ವಿಮೆ ಮಾಡಿಸೋ ದಪ್ಪನೆಯ ಆಸಾಮಿ ಒಬ್ಬರು, ಅವರನ್ನೇ ಮೂರು ಸಲ ಬಡಿದು ಎಬ್ಬಿಸಿದ್ದೆ. ಊಟ ಆದಮೇಲೆ ಮೇಷ್ಟ್ರು ಬೆಂಕಿ ವಿಮೆ ಶುರುಮಾಡಿದರು. ಗೋದಾಮು, ಗೋದಾಮಿನ ಛಾವಣಿ, ಛಾವಣಿಯ ತಗಡು. ನನಗೇ ಆಕಳಿಕೆ ಬಂತು. ತಿರುಗಿ ನೋಡಿದರೆ ಭಾವನ ತಲೆ ಎದೆಗೆ ಬಿದ್ದಿತ್ತು.

ಹೋಗಿ ಟಕ್ ಅಂತ ಬಡಿದೆ. ಅವರು ಬೆಚ್ಚಿಬಿದ್ದು ಎದ್ದು ನಿಂತೇಬಿಟ್ಟರು. "ಏನಾಯ್ತು? ಉಸಿರು ಕಟ್ಟಿತಾ?" ಅಂತ ಬೆನ್ನ ಹಿಂದೆ ಕೈ ಚಾಚಿ ತಡಕಾಡಿದರು. ತರಗತಿಯೆಲ್ಲ ಗೊಳ್ಳಂತ ನಕ್ಕಿತು. ಭಾವ ಎಲ್ಲಿದ್ದೀನಿ ಅಂತ ನೋಡಿಕೊಂಡು ನಾಚಿಕೆಯಿಂದ ಕೂತರು. ನಗೋರಿಗೇನು ಗೊತ್ತು, ಆ ಕೈ ಏನು ಹುಡುಕ್ತಿತ್ತು ಅಂತ.

ಸ್ವಲ್ಪ ಹೊತ್ತಿಗೆ ಮತ್ತೆ ಮಲಗಿದರು. ಈ ಸಲ ತೋಳು ಮಡಿಸಿ ಅದರ ಮೇಲೆ ಕೆನ್ನೆ ಇಟ್ಟು, ಬಾಯಿ ಒಂಚೂರು ತೆರೆದುಕೊಂಡು, ಎಳೆಮಗು ಥರ. ನಾನು ಸ್ಕೇಲ್ ಎತ್ತಿದೆ, ಬಡಿಯೋಕೆ ಕೈ ಬರಲಿಲ್ಲ. ಐದು ನಿಮಿಷ ಮಲಗಲಿ ಪಾಪ, ಆಮೇಲೆ ಎಬ್ಬಿಸಿದರಾಯ್ತು ಅಂದುಕೊಂಡೆ. ಬಾಗಿಲಿಂದ ಕಾಣದ ಹಾಗೆ ಅವರ ಮೇಜಿಗೆ ಅಡ್ಡ ನಿಂತೆ. ಮೇಷ್ಟ್ರೂ ನೋಡಿದರು. ಪುಣ್ಯಾತ್ಮರು, ಏನೂ ಅನ್ನದೆ ದನಿ ತಗ್ಗಿಸಿದರು. ಐದು ನಿಮಿಷ ಆಯ್ತು, ಹತ್ತಾಯ್ತು. ಪ್ರತಿ ಸಲ ಇನ್ನೊಂಚೂರು ಅಂತ ನನಗೆ ನಾನೇ ಹೇಳಿಕೊಂಡೆ. ಸಣ್ಣಗೆ ಗೊರಕೆ ಕೂಡ ಶುರುವಾಯ್ತು.

"ಏನಕ್ಕ ಇದು" ಅಂತ ಹಿಂದಿನಿಂದ ಆ ದಪ್ಪನೆಯವರು ರಾಗ ಎಳೆದರು. "ನಾನು ರೆಪ್ಪೆ ಮಿಟುಕಿಸಿದರೆ ಬಡೀತೀರಿ. ಅವರು ಅರ್ಧ ಗಂಟೆಯಿಂದ ಗೊರಕೆ ಹೊಡೀತಿದ್ದರೆ ಕಾವಲು ನಿಂತಿದ್ದೀರಿ. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯಾನಾ?"

ಎಲ್ಲರೂ ನಕ್ಕರು. ಆಮೇಲೆ ನಗು ಹಿಂದಿನ ಸಾಲಿನಿಂದ ಒಂದೊಂದೇ ಸಾಲಾಗಿ ನಿಲ್ತಾ ಬಂತು. ತಿರುಗಿದರೆ ಹಿಂಬಾಗಿಲಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬರು ನಿಂತಿದ್ದರು. ಆ ಬಾಗಿಲಿನ ಕಡೆ ನನಗೆ ಲಕ್ಷ್ಯವೇ ಇರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ, ನನಗಿಂತ ಚಿಕ್ಕ ವಯಸ್ಸು.

"ಈಗ ತಾನೇ ಕಣ್ಣು ಮುಚ್ಚಿದರು ಸರ್" ಅಂದೆ.

"ನಾನು ಬಂದು ತುಂಬ ಹೊತ್ತಾಯ್ತು ಮೇಡಂ" ಅಂದರು. ದನಿಯಲ್ಲಿ ಗದರಿಕೆ ಏನೂ ಇರಲಿಲ್ಲ.

ದಪ್ಪನೆಯವರು ಎದ್ದು ನಿಂತು "ಸರ್, ನಾನು ತಮಾಷೆಗೆ ಅಂದದ್ದು, ಅವರು ಮಲಗೇ ಇರಲಿಲ್ಲ" ಅಂತ ತೊದಲಿದರು. ಅವರ ಮುಂದೆಯೇ ಭಾವ ಗೊರಕೆ ಹೊಡೀತಿದ್ದರು.

ನಾನು ಅಧಿಕಾರಿಯನ್ನ ಹೊರಗೆ ಕರೆದುಕೊಂಡು ಹೋಗಿ ಎಲ್ಲಾ ಹೇಳಿದೆ. ಅಕ್ಕನ ಕಾಯಿಲೆ, ಆಪರೇಷನ್, ಬೆನ್ನಿಗೆ ಬೆನ್ನು ಕೊಟ್ಟು ಕೂರೋದು. ಕೈ ಮುಗಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮುಂದಿನ ತರಗತಿಗೆ ಬರಲಿ ಅಂದರು. ಮುಂದಿನದ್ದು ಲೈಸೆನ್ಸ್ ಮುಗಿದ ಮೇಲೆ ಅಂದೆ. ಹೊಸದಾಗಿ ಪರೀಕ್ಷೆ ಬರೆಯಬಹುದಲ್ಲ ಅಂದರು. ಹೊಸ ಲೈಸೆನ್ಸಿನ ವಿಮೆಗೆ ಹಳೇ ಕಾಯಿಲೆ ಸೇರೋದಿಲ್ಲ ಅಂದೆ. "ಗೊತ್ತು" ಅಂದರು. "ಅಷ್ಟು ಜನರ ಎದುರು ಆದದ್ದು ಮೇಡಂ. ನಾನು ಕಾಣಲಿಲ್ಲ ಅಂತ ಹೇಗೆ ಬರೀಲಿ?" ಒಳಗೆ ಹೋಗಿ ಹಾಜರಿ ಪುಸ್ತಕದಲ್ಲಿ ಭಾವನ ಹೆಸರಿನ ಮೇಲೆ ಗೀಟು ಎಳೆದರು. ನನಗೂ ಒಂದು ನೋಟಿಸ್ ಬರುತ್ತಂತೆ. ಬಂದರೆ ಬರಲಿ, ಅದನ್ನ ಕಟ್ಟಿಕೊಂಡು ನಾನೇನು ಮಾಡಲಿ.

ಕೊನೆಗೆ ಭಾವನನ್ನ ಎಬ್ಬಿಸೋ ಕೆಲಸವೂ ನನ್ನದೇ. ಸ್ಕೇಲನ್ನ ಮೇಷ್ಟ್ರ ಮೇಜಿನ ಮೇಲಿಟ್ಟು ಬಂದು ಭುಜ ಮುಟ್ಟಿದೆ. ನಿಧಾನವಾಗಿ ಕಣ್ಣು ಬಿಟ್ಟರು. ಕೆನ್ನೆ ಮೇಲೆ ಅಂಗಿ ತೋಳಿನ ಮಡಿಕೆ ಅಚ್ಚಾಗಿತ್ತು. "ಎಷ್ಟು ಚೆನ್ನಾಗಿ ನಿದ್ದೆ ಬಂತು ಕಣೇ" ಅಂತ ನಕ್ಕರು. ಆಮೇಲೆ ನನ್ನ ಮುಖ ನೋಡಿದರು, ನನ್ನ ಹಿಂದೆ ನಿಂತವರನ್ನ ನೋಡಿದರು.

ಬಸ್ ನಿಲ್ದಾಣದಲ್ಲಿ "ಬೈದುಬಿಡಿ ಭಾವ" ಅಂದೆ. ನನಗೆ ಅಳು ತಡೀಲಿಲ್ಲ.

"ಏನಂತ ಬೈಯಲಿ?" ಅಂದರು. "ಊರಿಗೆಲ್ಲ ಅಲಾರಂ ಆದೋಳು ನನಗೊಬ್ಬನಿಗೆ ದಿಂಬಾದೆ." ರೇಗಿಸೋ ಹಾಗೆ ಶುರುಮಾಡಿದರು, ಮಾತು ಮುಗಿಯೋ ಹೊತ್ತಿಗೆ ಮುಖ ಆ ಕಡೆ ತಿರುಗಿಸಿದ್ದರು. ಬಸ್ ಬಂದಮೇಲೆ "ಅವಳಿಗೆ ಈಗಲೇ ಹೇಳಬೇಡ" ಅಂದರು. ಮುಂದೇನು ಮಾಡ್ತೀರಿ ಅಂದೆ. ಟಿಕೆಟ್ಟಿಗೆ ಚಿಲ್ಲರೆ ಎಣಿಸಿ ಕೊಟ್ಟು ಕಿಟಕಿ ಕಡೆ ತಿರುಗಿ ಕೂತರು.

ಅಕ್ಕ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತು ಬಟ್ಟೆ ಮಡಿಸ್ತಿದ್ದಳು. ನಾವು ಒಳಗೆ ಬಂದದ್ದಕ್ಕೆ ತಿರುಗಿ "ಆಯ್ತಾ ತರಗತಿ?" ಅಂದಳು. ಭಾವ ಹೂಂ ಅಂದರು.

"ನೋಡೇ ಇವರ ಮುಖಾನ, ಎಷ್ಟು ಗೆಲುವಾಗಿದೆ" ಅಂದಳು ನನಗೆ. ಮಧ್ಯೆ ಮಧ್ಯೆ ಉಸಿರಿಗೆ ನಿಲ್ಲಿಸಿಕೊಂಡು ಹೇಳಿದಳು. "ತಲೆ ಮೇಲಿನ ಭಾರ ಇಳೀತಲ್ಲ. ಇನ್ನೊಂದು ತಿಂಗಳು ರೀ, ಅಷ್ಟೇ. ಆಮೇಲೆ ನಾನು ಈ ಕಡೆ ಕಾಲು ಚಾಚಿ ಮಲಗ್ತೀನಿ, ನೀವು ಆ ಕಡೆ. ಬೆಳಗಾಗೋ ತನಕ ಇವಳು ಬಂದು ಬಡಿದರೂ ಏಳೋದು ಬೇಡ."

ಭಾವ ಅಂಗಿಯನ್ನೂ ಬದಲಾಯಿಸದೆ ಮಂಚ ಹತ್ತಿ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಅಕ್ಕ ಒರಗಿಕೊಂಡು ಹಾಯಾಗಿ ಕಣ್ಣು ಮುಚ್ಚಿದಳು. ಹಾಗೆ ಕೂತಾಗ ಅವಳಿಗೆ ಅವರ ಮುಖ ಕಾಣೋದಿಲ್ಲ. ಬೆನ್ನು ಅಲುಗಿದರೆ ಮಾತ್ರ ಗೊತ್ತಾಗುತ್ತೆ. ಭಾವ ಬೆನ್ನು ಅಲುಗದ ಹಾಗೆ ಅಳ್ತಿದ್ದರು, ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ.