ಉಪದೇಶದ ಹೊತ್ತು

ಶವಪೆಟ್ಟಿಗೆ ಹೊತ್ತ ಗಾಲಿಬಂಡಿಯನ್ನು ಚರ್ಚಿನ ಬಲಿಪೀಠದ ಮುಂದೆ ನಿಲ್ಲಿಸಿ, ಶವಸಂಸ್ಕಾರದ ಏರ್ಪಾಡಿನವನು ಬೂಟಿನ ತುದಿಯಿಂದ ಗಾಲಿಯ ತಡೆಯನ್ನು ಒತ್ತಿದ. ಮುಂದಿನ ಸಾಲಿನಲ್ಲಿ ಕುಳಿತ ಡೆಲಿಯಾ ಅದನ್ನೇ ನೋಡುತ್ತಿದ್ದಳು. ಅಕ್ಕ ಅಟ್ರಾಕ್ಟಾ ಸತ್ತಾಗಿನಿಂದ ಅಳು ಬಂದಿರಲಿಲ್ಲ. ಕೈಗವಸಿನೊಳಗೆ ಬೆರಳುಗಳಿರುವುದೂ ಗೊತ್ತಾಗುತ್ತಿರಲಿಲ್ಲ.

ಕೈಕುಲುಕಲು ಬಂದ ಫಾದರ್ ಟಿಯರ್ನನ್ ಅವರಿಗೆ ಮೆಲ್ಲಗೆ ಹೇಳಿದಳು: "ಫಾದರ್, ಉಪದೇಶ ಮಾತ್ರ ಬೇಡ. ಅಕ್ಕನಿಗೆ ಮಾತು ಕೊಟ್ಟಿದೀನಿ."

"ಹೊಗಳೋಕೇ ಬರ್ಕೊಂಡಿದೀನಿ, ಡೆಲಿಯಾ ಅವರೇ. ಡಬ್ಲಿನ್ನಿಂದ ಮಂತ್ರಿಗಳು ಬಂದಿದಾರೆ. ಏನೂ ಹೇಳ್ದೆ ಕಳ್ಸೋದು ಹೇಗೆ?"

ಅವರು ಅವಳ ಭುಜ ತಟ್ಟಿ ಹೊರಟುಹೋದರು.

*

ಐವತ್ತು ವರ್ಷಗಳ ಹಿಂದೆ ಇದೇ ಚರ್ಚಿನಲ್ಲಿ ಆಗಿನ ಪಾದ್ರಿ ಗರ್ಭನಿರೋಧಕ ಮಾತ್ರೆ ಕೇಳುವ ಹೆಂಗಸರನ್ನು ಬೈಯತೊಡಗಿದಾಗ, ಅಟ್ರಾಕ್ಟಾ ಎದ್ದು ನಿಂತಳು. ತಂಗಿಯತ್ತ ನೋಡಿದಳು. ಡೆಲಿಯಾ ಪ್ರಾರ್ಥನಾಪುಸ್ತಕ ನೋಡಿದಳು. ಅಟ್ರಾಕ್ಟಾ ಒಬ್ಬಳೇ ನಡುಹಾದಿಯಲ್ಲಿ ನಡೆದು ಹೊರಗೆ ಹೋದಳು.

ಮೊಗಸಾಲೆಯಲ್ಲಿ ಎಂದಿನಂತೆ ಕೆಲವು ಗಂಡಸರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಬಲಿಪೂಜೆ ಕೇಳುತ್ತಿದ್ದರು.

"ಏನ್ ತಾಯಿ, ಸಿಗರೇಟು ಬೇಕಿತ್ತಾ?" ಎಂದ ಅವರಲ್ಲೊಬ್ಬನಾದ ಫೋನ್ಸಿ.

"ಬೇಡ. ಜಾಗ ಬಿಡು, ಸಾಕು."

ಅವನು ಕಿಟಕಿಯ ಕಟ್ಟೆಯ ಮೇಲಿಂದ ತನ್ನ ಟೊಪ್ಪಿ ತೆಗೆದ. ಅವಳು ಅಲ್ಲಿ ಕುಳಿತಳು. ಉಪದೇಶ ಮುಗಿದೊಡನೆ ಒಳಗೆ ಹೋಗಿ ಪರಮಪ್ರಸಾದ ಸ್ವೀಕರಿಸಿದಳು. "ಪೂಜೆ ನಂದು, ಬೈಗುಳ ಅವ್ರದ್ದು" ಎಂದು ಮನೆಯಲ್ಲಿ ಹೇಳಿದಳು.

ಪ್ರತಿ ಭಾನುವಾರವೂ ಹಾಗೆಯೇ ಆಯಿತು. ಫೋನ್ಸಿ ಅಲ್ಲಿಯೇ ತನ್ನ ತಾಯಿಯ ನಿಂತುಹೋದ ಪಿಂಚಣಿಯ ಮಾತೆತ್ತಿ ಅವಳ ಸಹಾಯ ಕೇಳಿದ. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು: ಗಂಡನ ಹೊಡೆತಕ್ಕೆ ಮನೆ ಬಿಟ್ಟವಳು, ಮದುವೆಯಾದಳೆಂಬ ಕಾರಣಕ್ಕೆ ಸರ್ಕಾರಿ ಕೆಲಸ ಕಳೆದುಕೊಂಡವಳು. ಅವರೇ ಅವಳನ್ನು ಮೊದಲು ಜಿಲ್ಲಾ ಮಂಡಳಿಗೆ, ಬಳಿಕ ಡಬ್ಲಿನ್ನಿನ ಸಂಸತ್ತಿಗೆ ಕಳುಹಿಸಿದರು. ಕಾನೂನುಗಳು ಬದಲಾದವು. ಭಾನುವಾರದ ಕಚೇರಿ ಮಾತ್ರ ಆ ಕಟ್ಟೆಯೇ ಆಗಿತ್ತು. ಡೆಲಿಯಾ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ.

ಸಾಯುವ ಮುಂಚಿನ ವಾರ ಅಟ್ರಾಕ್ಟಾ ನಕ್ಕಿದ್ದಳು. "ನನ್ನ ಮಣ್ಣು ಮಾಡೋ ದಿನ ಮಾತ್ರ ನಂಗೆ ಎದ್ದು ಹೋಗೋಕಾಗಲ್ಲ ಕಣೆ. ಉಪದೇಶ ಇಲ್ದಂಗೆ ನೋಡ್ಕೋ."

*

"ಅಟ್ರಾಕ್ಟಾ ಧರ್ಮಸಭೆಯ ವಿಧೇಯ ಮಗಳು..." ಎಂದು ಫಾದರ್ ಆರಂಭಿಸಿದರು.

ಡೆಲಿಯಾ ಎದ್ದು ಬೂಟಿನ ತುದಿಯಿಂದ ಗಾಲಿಯ ತಡೆಯನ್ನು ಮೇಲೆತ್ತಿದಳು.

ಏರ್ಪಾಡಿನವನು ಓಡಿಬಂದು ಪಿಸುಗುಟ್ಟಿದ: "ಅಮ್ಮಾ, ಪೂಜೆ ಇನ್ನೂ ಮುಗಿದಿಲ್ಲ!"

"ಗೊತ್ತು. ಉಪದೇಶ ಮುಗಿದ್ಮೇಲೆ ವಾಪಸ್ ಕರ್ಕೊಂಡ್ ಬರ್ತೀನಿ."

ಅವನು ಅವಳ ಮುಖ ನೋಡಿದ. ಇನ್ನೊಂದು ತುದಿ ಹಿಡಿದ. ಗಾಲಿಗಳು ಕಿರುಗುಡುತ್ತ ನಡುಹಾದಿಯಲ್ಲಿ ಉರುಳಿದವು. ಮಂತ್ರಿಗಳು ಕಾಲು ಒಳಗೆಳೆದುಕೊಂಡರು. ಫಾದರ್ ತಲೆಯೆತ್ತಿ ಪೆಟ್ಟಿಗೆಯತ್ತ ನೋಡಿ, ಮತ್ತೆ ಹಾಳೆ ಹಿಡಿದು ಓದತೊಡಗಿದರು.

ಮೊಗಸಾಲೆಯಲ್ಲಿ ಮುಪ್ಪಿನಿಂದ ಬೆನ್ನು ಬಾಗಿದ ಫೋನ್ಸಿ ಎರಡೂ ಬಾಗಿಲು ತೆರೆದು, ಪೆಟ್ಟಿಗೆ ಬಂದ ಮೇಲೆ ಮುಚ್ಚಿದ. ಡೆಲಿಯಾ ಗಾಲಿಯ ತಡೆ ಒತ್ತಿದಳು.

"ಎಷ್ಟ್ ಹೊತ್ತು ಎಳೀತಾನೆ ಈ ಪಾದ್ರಿ?" ಎಂದು ಫೋನ್ಸಿ ಕೇಳಿದ.

"ತುಂಬಾ ಹೊತ್ತು. ಎಲ್ಲಾ ಉಪದೇಶಾನೂ ಒಳಗೇ ಕೂತು ಕೇಳಿದೋಳು ನಾನೇ ಅಲ್ವಾ?"

ಫೋನ್ಸಿ ಕಟ್ಟೆಯ ಮೇಲಿಂದ ತನ್ನ ಟೊಪ್ಪಿ ತೆಗೆದ. ಡೆಲಿಯಾ ಕೈಗವಸು ಕಳಚಿ ಅಲ್ಲಿ ಕುಳಿತಳು. ಕಲ್ಲು ತಣ್ಣಗಿತ್ತು.